ಬಾಗಿಲ ತನಕ ಬಿಟ್ಟು ಬರುವ ಹಿರಿಯರು, ಒಳಗೆ ಅವರ ಪಾಡು

ಬೆಂಗಳೂರು ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್ ಉದ್ಘಾಟನೆಯಾದದ್ದು 2022ರ ನವೆಂಬರಿನಲ್ಲಿ. ಮರುವರ್ಷ ಸೆಪ್ಟೆಂಬರಿನಲ್ಲಿ ಅಂತರರಾಷ್ಟ್ರೀಯ ವಿಮಾನಗಳೆಲ್ಲ ಅಲ್ಲಿಗೆ ವರ್ಗವಾದವು. ಬಿದಿರು ಹೊದಿಸಿದ ಚಾವಣಿ, ಮೇಲಿನಿಂದ ಇಳಿಬಿದ್ದ ಹಸಿರು, ವಿಶಾಲವಾದ ಕೂರುವ ಜಾಗ, ಎಲ್ಲವೂ ನನಗೂ ಇಷ್ಟವೇ. 2024-25ರ ಒಂದೇ ವರ್ಷದಲ್ಲಿ ನಾಲ್ಕು ಕೋಟಿಗೂ ಹೆಚ್ಚು ಪ್ರಯಾಣಿಕರು ಓಡಾಡಿದ ನಿಲ್ದಾಣವನ್ನು ಇಷ್ಟು ಚೊಕ್ಕಟವಾಗಿ ನಡೆಸುವುದು ಸಣ್ಣ ಕೆಲಸವಲ್ಲ ಎಂಬುದನ್ನು ಒಪ್ಪಿಕೊಂಡೇ ಈ ಬರಹವನ್ನು ಆರಂಭಿಸುತ್ತೇನೆ. ಆದರೆ ವಿಮಾನ ನಿಲ್ದಾಣ ಒಳ್ಳೆಯದೋ ಕೆಟ್ಟದ್ದೋ ಎಂದು ನಿರ್ಧರಿಸಬೇಕಾದವರು ತಿಂಗಳಿಗೆರಡು ಸಲ ಹಾರಾಡುವ ನಾವಲ್ಲ. ಇಂಗ್ಲಿಷ್, ಹಿಂದಿ ಎರಡೂ ಬಾರದ, ಎಪ್ಪತ್ತರ ಆಸುಪಾಸಿನ, ಮೊದಲ ಸಲ ಒಂಟಿಯಾಗಿ ವಿಮಾನ ಹತ್ತುತ್ತಿರುವ ಒಬ್ಬ ತಾಯಿ ಹೊರಬಾಗಿಲಿನಿಂದ ತನ್ನ ಸೀಟಿನವರೆಗೆ ಎಷ್ಟು ನೆಮ್ಮದಿಯಿಂದ ತಲುಪುತ್ತಾರೆ ಎಂಬುದೇ ನನ್ನ ಮಟ್ಟಿಗೆ ಅದರ ನಿಜವಾದ ಪರೀಕ್ಷೆ.

ಇಂಥ ತಾಯಂದಿರು ನಮ್ಮಲ್ಲಿ ಕಡಿಮೆಯೇನಿಲ್ಲ. ಹಾಸನ, ತುಮಕೂರು, ದಾವಣಗೆರೆ, ಶಿರಸಿ ಕಡೆಯಿಂದ ಮಗಳ ಬಾಣಂತನಕ್ಕೆಂದೋ ಮೊಮ್ಮಗುವನ್ನು ನೋಡಿಕೊಳ್ಳಲೆಂದೋ ಅಮೆರಿಕ, ಜರ್ಮನಿ, ದುಬೈಗೆ ಹೊರಡುವ ಅಮ್ಮಂದಿರನ್ನು ನಡುರಾತ್ರಿ ದೇವನಹಳ್ಳಿಯ ಆ ಬಾಗಿಲಿನ ಬಳಿ ಯಾವ ದಿನವಾದರೂ ಕಾಣಬಹುದು. ಮೆತ್ತನೆಯ ಸ್ವೆಟರು, ಸೀರೆಯ ಕೆಳಗೆ ಹೊಸ ಬೂಟು, ಹೆಗಲಿಗೆ ಅಡ್ಡಲಾಗಿ ಹಾಕಿಕೊಂಡ ಸಣ್ಣ ಚೀಲ, ಅದರೊಳಗೆ ಪ್ಲಾಸ್ಟಿಕ್ ಕವರಿನಲ್ಲಿ ಪಾಸ್‌ಪೋರ್ಟು, ಟಿಕೆಟ್ಟಿನ ಪ್ರತಿ, ಮಗಳ ಮನೆಯ ವಿಳಾಸ. ಅಲ್ಲಿಯವರೆಗೆ ಅವರ ಸುತ್ತ ಮನೆಮಂದಿಯೆಲ್ಲ ಇರುತ್ತಾರೆ. ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಯ ಜವಾನ ಟಿಕೆಟ್ಟು ನೋಡಿ ಒಳಗೆ ಬಿಟ್ಟ ಮರುಕ್ಷಣದಿಂದ ಅವರು ಒಬ್ಬರೇ. ನಮ್ಮ ದೇಶದಲ್ಲಿ ಟಿಕೆಟ್ ಇಲ್ಲದವರನ್ನು ಸಾಮಾನ್ಯವಾಗಿ ಟರ್ಮಿನಲ್ಲಿನ ಒಳಗೆ ಬಿಡುವುದಿಲ್ಲ. ಹೊರಗೆ ಕಾರು ನಿಲ್ಲಿಸಿ ನಿಧಾನವಾಗಿ ಬೀಳ್ಕೊಡೋಣವೆಂದರೆ ಅಲ್ಲಿಯೂ ನಿಮಿಷಗಳ ಲೆಕ್ಕ.

ಭದ್ರತೆಯ ಕಾರಣ ನನಗೆ ಅರ್ಥವಾಗುತ್ತದೆ. ಆದರೆ ಭದ್ರತೆಯಲ್ಲಿ ನಮಗಿಂತ ಕಟ್ಟುನಿಟ್ಟಾದ ಅಮೆರಿಕದಲ್ಲಿಯೇ ಅನೇಕ ವಿಮಾನ ಸಂಸ್ಥೆಗಳು ಮಕ್ಕಳನ್ನು, ವೃದ್ಧರನ್ನು, ಅಂಗವಿಕಲರನ್ನು ಬೀಳ್ಕೊಡಲು ಬಂದ ಒಬ್ಬರಿಗೆ ಗುರುತಿನ ಚೀಟಿ ಪರಿಶೀಲಿಸಿ, ತಪಾಸಣೆ ಮಾಡಿ, ವಿಮಾನದ ಗೇಟಿನವರೆಗೆ ಹೋಗಲು ಪಾಸು ಕೊಡುತ್ತವೆ. ಅಲ್ಲಿ ಸಾಧ್ಯವಾದದ್ದು ಇಲ್ಲಿ ಏಕೆ ಸಾಧ್ಯವಿಲ್ಲ? ಇಮಿಗ್ರೇಶನ್ ದಾಟಿಸುವುದು ಬೇಡ, ಲಗೇಜು ಕೊಟ್ಟು ಬೋರ್ಡಿಂಗ್ ಪಾಸು ಕೈಗೆ ಬರುವವರೆಗೆ ಒಬ್ಬರನ್ನು ಜೊತೆಗೆ ಬಿಟ್ಟರೂ ಅರ್ಧ ಆತಂಕ ಕಳೆಯುತ್ತದೆ.

ಈ ಅನುಕೂಲ ಇಲ್ಲದ ಕಾರಣಕ್ಕೆ ನಮ್ಮ ಜನ ತಾವೇ ಒಂದು ದಾರಿ ಹುಡುಕಿಕೊಂಡಿದ್ದಾರೆ. ಅದು ವೀಲ್‌ಚೇರ್. ಭಾರತದಿಂದ ಅಮೆರಿಕಕ್ಕೆ ಹೋಗುವ ವಿಮಾನಗಳಲ್ಲಿ ವೀಲ್‌ಚೇರ್ ಕೇಳುವವರು ವಿಪರೀತ ಎಂದು ವಿಮಾನ ಸಂಸ್ಥೆಗಳು ದೂರುತ್ತಲೇ ಇರುತ್ತವೆ. ಇಲ್ಲಿ ಹತ್ತುವಾಗ ಕುರ್ಚಿ ಕೇಳಿದವರು ಅಲ್ಲಿ ಇಳಿದೊಡನೆ ಸಲೀಸಾಗಿ ನಡೆದು ಹೋಗುತ್ತಾರೆಂದು ಜಾಲತಾಣಗಳಲ್ಲಿ ನಗುವವರೂ ಇದ್ದಾರೆ. ನನಗೆ ಆ ನಗು ಕ್ರೂರವೆನಿಸುತ್ತದೆ. ಮನೆಯಲ್ಲಿ ದಿನಕ್ಕೆ ಹತ್ತು ಸಲ ಮೆಟ್ಟಿಲು ಹತ್ತಿಳಿಯುವ, ತೋಟದಲ್ಲಿ ಸುತ್ತಾಡುವ ಹೆಂಗಸು ವೀಲ್‌ಚೇರಿನಲ್ಲಿ ಕೂರುವುದು ಕಾಲಿಗೆ ಶಕ್ತಿಯಿಲ್ಲವೆಂದಲ್ಲ, ದಾರಿ ಗೊತ್ತಿಲ್ಲವೆಂದು. ಕುರ್ಚಿಯ ಜೊತೆಗೆ ಅದನ್ನು ತಳ್ಳುವ ಒಬ್ಬ ಮನುಷ್ಯ ಬರುತ್ತಾನೆ, ಅವನು ಎಲ್ಲಿಗೆ ಹೋಗಬೇಕೆಂದು ಬಲ್ಲ, ಪ್ರಶ್ನೆ ಕೇಳಿದರೆ ಉತ್ತರಿಸಬಲ್ಲ. ಅವರಿಗೆ ಬೇಕಾದದ್ದು ಆ ಮನುಷ್ಯ. ಆದರೆ ಬರಿಯ ಮನುಷ್ಯನನ್ನು ಕೇಳುವ ವ್ಯವಸ್ಥೆ ಸುಲಭವಾಗಿ ಸಿಗುವುದಿಲ್ಲ, ಹಣ ತೆತ್ತು ಪಡೆಯುವ ದುಬಾರಿ ಸ್ವಾಗತ ಸೇವೆ ಬಿಟ್ಟರೆ. ಇದರಿಂದ ನಿಜವಾಗಿ ನಡೆಯಲಾರದವರಿಗೆ ಕುರ್ಚಿ ಸಿಗದೆ ಹೋಗುವ ಅಪಾಯವೂ ಇದೆ. 2024ರ ಫೆಬ್ರುವರಿಯಲ್ಲಿ ನ್ಯೂಯಾರ್ಕಿನಿಂದ ಮುಂಬೈಗೆ ಬಂದಿಳಿದ 80 ವರ್ಷದ ಹಿರಿಯರೊಬ್ಬರು ತಮಗೂ ಪತ್ನಿಗೂ ಮೊದಲೇ ವೀಲ್‌ಚೇರ್ ಕೇಳಿದ್ದರೂ ಒಂದೇ ಸಿಕ್ಕಿತೆಂದು ಪತ್ನಿಯನ್ನು ಕೂರಿಸಿ ತಾವು ಪಕ್ಕದಲ್ಲಿ ನಡೆದು, ಇಮಿಗ್ರೇಶನ್ ಬಳಿ ಕುಸಿದು ತೀರಿಕೊಂಡರು. ನಾಗರಿಕ ವಿಮಾನಯಾನ ನಿರ್ದೇಶನಾಲಯ ಏರ್ ಇಂಡಿಯಾಕ್ಕೆ 30 ಲಕ್ಷ ರೂಪಾಯಿ ದಂಡ ವಿಧಿಸಿತು. ಆ ಸುದ್ದಿಯನ್ನು ಓದಿದ ದಿನ ನಾನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಜೀವಮಾನವಿಡೀ ಒಟ್ಟಿಗೆ ಬಾಳಿದವರಲ್ಲಿ ಇಬ್ಬರಿಗೆ ಒಂದು ಕುರ್ಚಿ ಎಂದರೆ ಗಂಡನಾದವನು ಬೇರೇನು ಮಾಡಿಯಾನು?

ನನ್ನ ತಾಯಿ ತಿಪಟೂರು ಸೀಮೆಯವರು. ತಂಗಿಯ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟಾಗ ಪೆಟ್ಟಿಗೆಯಲ್ಲಿ ಅಂಟಿನುಂಡೆ, ಮೆಣಸಿನ ಪುಡಿ, ಓಮದ ಕಾಳಿನ ಜೊತೆಗೆ ಮನೆಯ ತೋಟದ ಕೊಬ್ಬರಿ ಗಿಟುಕುಗಳನ್ನೂ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದರು. ಒಣಕೊಬ್ಬರಿಯಲ್ಲಿ ಎಣ್ಣೆಯಂಶ ಬಹಳ ಇರುವುದರಿಂದ ಅದು ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದೆಂದು ವಿಮಾನಯಾನದ ನಿಯಮಗಳು ಅದನ್ನು ಅಪಾಯಕಾರಿ ವಸ್ತುಗಳ ಪಟ್ಟಿಯಲ್ಲಿ ಸೇರಿಸಿವೆ. ಕೊಬ್ಬರಿಯ ಊರಿನಲ್ಲಿಯೇ ಹುಟ್ಟಿ ಬೆಳೆದ ಅಮ್ಮನಿಗೆ ಅದನ್ನು ಯಾರೂ ಹೇಳಿರಲಿಲ್ಲ. ತಪಾಸಣೆಯ ಯಂತ್ರದಲ್ಲಿ ಅದು ಕಾಣಿಸಿ, ಪೆಟ್ಟಿಗೆ ತೆರೆಯಲು ಅಮ್ಮನಿಗೆ ಕರೆ ಬಂತು. ಹೆಸರನ್ನು ಇಂಗ್ಲಿಷ್ ಧಾಟಿಯಲ್ಲಿ ಕೂಗಿದ್ದರಿಂದ ಅದು ತನ್ನದೇ ಹೆಸರೆಂದು ಅಮ್ಮನಿಗೆ ತಿಳಿಯಲೇ ಇಲ್ಲ. ವೀಲ್‌ಚೇರ್ ತಳ್ಳುತ್ತಿದ್ದ ಹುಡುಗ ವಿಜಯಪುರದ ಕಡೆಯವನು. ಅವನು ಬಗ್ಗಿ, "ಅಮ್ಮಾರ, ನಿಮ್ಮ ಪೆಟ್ಟಿಗ್ಯಾಗ ಏನೋ ಐತಿ ಅಂತ ಕರ್ಯಾಕತ್ತಾರ. ಅಂಜಬ್ಯಾಡ್ರಿ, ನಾನೂ ಬರ್ತೀನಿ" ಎಂದನಂತೆ. ಪೆಟ್ಟಿಗೆ ತೆರೆದು, ಸೀರೆಗಳ ಮಡಿಕೆ ಕೆಡದಂತೆ ಗಿಟುಕುಗಳನ್ನಷ್ಟೇ ಒಂದೊಂದಾಗಿ ಹೊರಗೆ ತೆಗೆದು, ಅಧಿಕಾರಿಗೆ ವಿವರ ಹೇಳಿ, ತನ್ನ ಫೋನಿನಿಂದಲೇ ನನಗೆ ಕರೆ ಮಾಡಿದ. ನಾನು ಇನ್ನೂ ಹೊರಗೇ ಇದ್ದೆ. ಕೊಬ್ಬರಿ ಕಸದ ಬುಟ್ಟಿಗೆ ಹೋದರೆ ಅಮ್ಮನ ಮನಸ್ಸು ನೋಯುತ್ತದೆಂದು ಅವನಿಗೆ ಗೊತ್ತಾಗಿತ್ತು. ಬಾಗಿಲವರೆಗೆ ಬಂದು ಆ ಗಂಟನ್ನು ನನ್ನ ಕೈಗಿತ್ತು ಓಡಿದ. ನಾನು ಹೆಸರು ಕೇಳುವಷ್ಟರಲ್ಲಿ ಒಳಗೆ ಸೇರಿಯಾಗಿತ್ತು. ಒಂದು ನಿಲ್ದಾಣದ ಬಗ್ಗೆ ನನಗೆ ಇರುವ ಅತಿ ಒಳ್ಳೆಯ ನೆನಪು ಇದೇ, ಮತ್ತು ಇದು ಸಾಧ್ಯವಾದದ್ದು ಅವನಿಗೆ ಅಮ್ಮನ ಭಾಷೆ ಬರುತ್ತಿದ್ದುದರಿಂದ.

ಅದೇ ಪ್ರಯಾಣದ ಇನ್ನೊಂದು ತುದಿಯನ್ನೂ ಹೇಳಬೇಕು. ನಡುವೆ ವಿಮಾನ ಬದಲಿಸಬೇಕಾಗಿದ್ದ ಕೊಲ್ಲಿ ದೇಶದ ಒಂದು ದೊಡ್ಡ ನಿಲ್ದಾಣದಲ್ಲಿ ವೀಲ್‌ಚೇರಿನವರನ್ನೆಲ್ಲ ಒಂದು ಕಡೆ ಸಾಲಾಗಿ ಕೂರಿಸಿ ಸಹಾಯಕರು ಹೊರಟುಹೋದರು. ಮುಂದಿನ ವಿಮಾನಕ್ಕೆ ಇನ್ನೂ ಗಂಟೆಗಟ್ಟಲೆ ಸಮಯವಿತ್ತು. ಅಮ್ಮನಿಗೆ ಶೌಚಾಲಯಕ್ಕೆ ಹೋಗಬೇಕಿತ್ತು, ನೀರು ಬೇಕಿತ್ತು, ಸಕ್ಕರೆ ಕಾಯಿಲೆಯ ಮಾತ್ರೆಗೆ ಮೊದಲು ಏನಾದರೂ ತಿನ್ನಬೇಕಿತ್ತು. ಯಾರನ್ನು ಕೇಳಬೇಕು, ಎದ್ದು ಹೋದರೆ ಕುರ್ಚಿ ಹೋಗಿಬಿಡುತ್ತದೆಯೇ, ತಾನಿಲ್ಲದ ಹೊತ್ತಿನಲ್ಲಿ ಕರೆದುಕೊಂಡು ಹೋಗಲು ಬಂದರೆ ಏನು ಗತಿ, ಎಂಬ ಭಯದಲ್ಲಿ ಕುಳಿತೇ ಇದ್ದರು. ಕೊನೆಗೆ ನೆಲ ಒರೆಸುತ್ತಿದ್ದ ಮಲಯಾಳಿ ಹೆಂಗಸೊಬ್ಬಳು ಮುಖ ನೋಡಿಯೇ ಅರ್ಥಮಾಡಿಕೊಂಡು ಶೌಚಾಲಯಕ್ಕೆ ಕರೆದುಕೊಂಡು ಹೋಗಿ, ನೀರು ತುಂಬಿಸಿಕೊಟ್ಟು, ತಿರುಗಿ ಅದೇ ಜಾಗದಲ್ಲಿ ಬಿಟ್ಟಳಂತೆ. "ಲಗೇಜು ಇಟ್ಟ ಹಾಗೆ ಇಟ್ಟಿದ್ರು ಕಣೋ" ಎಂದು ಅಮ್ಮ ಆಮೇಲೆ ಫೋನಿನಲ್ಲಿ ಹೇಳಿದಾಗ ನನಗೆ ಮಾತು ಹೊರಡಲಿಲ್ಲ. ಆ ನಿಲ್ದಾಣಕ್ಕೆ ಜಗತ್ತಿನ ಪ್ರಶಸ್ತಿಗಳು ಬಂದಿರಬಹುದು. ಕೂರಿಸಿದವರನ್ನು ಅರ್ಧ ಗಂಟೆಗೊಮ್ಮೆ ಹೋಗಿ ವಿಚಾರಿಸುವ ಒಬ್ಬರನ್ನು ಅಲ್ಲಿ ನೇಮಿಸಿದ್ದರೆ ಸಾಕಿತ್ತು.

ಕೊಲ್ಲಿಯ ಮಾತು ಬಂದಾಗ ಎಲ್ಲರಿಗೂ ತಿಳಿದಿರಬೇಕಾದ ಒಂದು ವಿಷಯವಿದೆ. ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ಗಸಗಸೆ ನಿಷಿದ್ಧ ವಸ್ತು, ಅಫೀಮಿನ ಗಿಡದ ಬೀಜವೆಂಬ ಕಾರಣಕ್ಕೆ. ಸಿಂಗಪುರದಲ್ಲಿಯೂ ಅದರ ಮೇಲೆ ಬಿಗಿಯಾದ ನಿಯಮವಿದೆ. ನಮ್ಮಲ್ಲಿ ಪಾಯಸಕ್ಕೆ, ಸಾಗುವಿಗೆ, ಬಾಣಂತಿಯ ಉಂಡೆಗೆ ಹಾಕುವ ಗಸಗಸೆಯನ್ನು ಒಂದು ಪೊಟ್ಟಣ ಚೀಲದಲ್ಲಿ ಇಟ್ಟುಕೊಂಡು ಹೋದ ತಾಯಿಯೊಬ್ಬರು ಅಲ್ಲಿ ಮಾದಕವಸ್ತುವಿನ ಪ್ರಕರಣದಲ್ಲಿ ಸಿಲುಕಬಹುದು. ಕೆಲವು ನೋವಿನ ಮಾತ್ರೆ, ಕೆಮ್ಮಿನ ಔಷಧಿಗಳಿಗೂ ಅಲ್ಲಿ ಮೊದಲೇ ಅನುಮತಿ ಬೇಕು. ಇವನ್ನೆಲ್ಲ ಇಂಗ್ಲಿಷಿನ ಜಾಲತಾಣಗಳಲ್ಲಿ ಹುಡುಕಿದರೆ ಸಿಗುತ್ತದೆ. ಆದರೆ ಚೀಲ ಕಟ್ಟುವವರು ಆ ಜಾಲತಾಣ ಓದುವುದಿಲ್ಲ. ಕೊಬ್ಬರಿ, ಗಸಗಸೆ, ಉಪ್ಪಿನಕಾಯಿ, ತುಪ್ಪ, ಪವರ್ ಬ್ಯಾಂಕ್, ಇಷ್ಟರ ಬಗ್ಗೆ ಯಾವುದನ್ನು ಎಲ್ಲಿ ಇಡಬಹುದು, ಯಾವುದನ್ನು ಮನೆಯಲ್ಲಿಯೇ ಬಿಡಬೇಕು ಎಂದು ಚಿತ್ರಸಹಿತ ದೊಡ್ಡ ಕನ್ನಡ ಅಕ್ಷರದಲ್ಲಿ ಬಾಗಿಲ ಹೊರಗೆ ಒಂದು ಫಲಕ ಹಾಕಲು ಎಷ್ಟು ಖರ್ಚಾದೀತು? ಹೊರಗೆ ಎಂದು ಒತ್ತಿ ಹೇಳುತ್ತೇನೆ, ಏಕೆಂದರೆ ಮನೆಯವರು ಇರುವುದು ಅಲ್ಲಿ, ವಸ್ತುವನ್ನು ವಾಪಸು ಕೊಡಲು ಸಾಧ್ಯವಿರುವುದೂ ಅಲ್ಲಿಯೇ.

ಭಾಷೆಯ ಪ್ರಶ್ನೆಯನ್ನು ಅಭಿಮಾನದ ವಿಷಯವೆಂದು ತಳ್ಳಿಹಾಕುವವರಿದ್ದಾರೆ. ಕೊಬ್ಬರಿಯ ಪ್ರಸಂಗ ನೋಡಿದ ಮೇಲೆ ನನಗೆ ಅದು ಮೊದಲು ಸುರಕ್ಷತೆಯ ವಿಷಯ. 2018ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರವೇ ವಿಮಾನ ನಿಲ್ದಾಣಗಳ ಪ್ರಕಟಣೆ ಮೊದಲು ಸ್ಥಳೀಯ ಭಾಷೆಯಲ್ಲಿ, ಬಳಿಕ ಹಿಂದಿ ಮತ್ತು ಇಂಗ್ಲಿಷಿನಲ್ಲಿ ಇರಬೇಕೆಂದು ಸೂಚಿಸಿತ್ತು. ಪ್ರಕಟಣೆಯನ್ನೇ ಕಡಿಮೆ ಮಾಡಿರುವ ನಿಶ್ಶಬ್ದ ನಿಲ್ದಾಣಗಳಿಗೆ ವಿನಾಯಿತಿ ಇತ್ತು. ಈ ನಿಶ್ಶಬ್ದ ಪದ್ಧತಿ ನಮ್ಮಂಥವರ ಕಿವಿಗೆ ಹಿತ, ನಿಜ. ಪರದೆಯ ಮೇಲಿನ ಇಂಗ್ಲಿಷ್ ಅಕ್ಷರ ಓದಲಾರದವರಿಗೆ ಮಾತ್ರ ಅದು ಉಳಿದಿದ್ದ ಒಂದೇ ಆಸರೆಯನ್ನೂ ಕಿತ್ತುಕೊಳ್ಳುತ್ತದೆ. ಮೌನ ಬೇಕೆಂದರೆ ಅದಕ್ಕೆ ಬದಲಾಗಿ ಹತ್ತಿರ ಬಂದು ಮಾತನಾಡುವ ಜನರಾದರೂ ಇರಬೇಕು. 2020ರ ಆಗಸ್ಟಿನಲ್ಲಿ ಚೆನ್ನೈ ನಿಲ್ದಾಣದಲ್ಲಿ ಸಂಸದೆ ಕನಿಮೋಳಿಯವರು ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಮಾತನಾಡಿ ಎಂದು ಕೇಳಿದಾಗ ಭದ್ರತಾ ಸಿಬ್ಬಂದಿಯೊಬ್ಬರು ನೀವು ಭಾರತೀಯರೇ ಎಂದು ಪ್ರಶ್ನಿಸಿದ್ದು ದೊಡ್ಡ ಸುದ್ದಿಯಾಯಿತು, ಕುಮಾರಸ್ವಾಮಿಯವರೂ ಆಗ ಅವರ ಪರ ಮಾತನಾಡಿದ್ದರು. ಸಂಸದರಾದ್ದರಿಂದ ಅದು ಸುದ್ದಿಯಾಯಿತು. ಪಟ್ಟಿ ಬಿಚ್ಚಿ, ಬಳೆ ತೆಗೆಯಿರಿ, ಕೈ ಮೇಲೆತ್ತಿ ಎಂದು ಹಿಂದಿಯಲ್ಲಿ ಹೇಳಿದ್ದು ತಿಳಿಯದೆ ಕಕ್ಕಾಬಿಕ್ಕಿಯಾಗುವ, ಹಿಂದಿನವರಿಂದ ಬೈಸಿಕೊಳ್ಳುವ ಅಜ್ಜಿಯಂದಿರು ಎಲ್ಲಿಯೂ ಸುದ್ದಿಯಾಗುವುದಿಲ್ಲ. ಬೇರೆ ರಾಜ್ಯದಿಂದ ಬಂದ ಆ ಜವಾನನ ಮೇಲೆ ನನಗೆ ಸಿಟ್ಟಿಲ್ಲ. ರಾತ್ರಿಯಿಡೀ ನಿಂತು ಕೆಲಸ ಮಾಡುವವನು ಅವನು. ಅವನಿಗೆ ಇಪ್ಪತ್ತು ಕನ್ನಡ ವಾಕ್ಯ ಕಲಿಸದೆ ಅಲ್ಲಿ ನಿಲ್ಲಿಸಿದವರ ಮೇಲೆ ನನ್ನ ದೂರು.

ಸುಧಾರಣೆ ಆಗಿಯೇ ಇಲ್ಲವೆಂದರೆ ಅನ್ಯಾಯವಾದೀತು. ವಿದೇಶಕ್ಕೆ ಹೊರಡುವವರು ಇಂಗ್ಲಿಷಿನಲ್ಲಿ ತುಂಬಬೇಕಾಗಿದ್ದ ನಿರ್ಗಮನದ ಚೀಟಿಯನ್ನು 2017ರ ಜುಲೈ 1ರಿಂದ ತೆಗೆದುಹಾಕಿದರು. ಕೊಲ್ಲಿಗೆ ಕೂಲಿಗೆ ಹೊರಟ ಹುಡುಗರು ಪೆನ್ನು ಹಿಡಿದು "ಅಣ್ಣಾ, ಸ್ವಲ್ಪ ತುಂಬಿಕೊಡಿ" ಎಂದು ಸಾಲಿನಲ್ಲಿದ್ದವರನ್ನು ಬೇಡುತ್ತಿದ್ದ ದೃಶ್ಯ ಅಲ್ಲಿಗೆ ಮುಗಿಯಿತು. ಮಂಗಳೂರಿನ ಬಜ್ಪೆ ನಿಲ್ದಾಣ ಸಣ್ಣದು; ಅಲ್ಲಿ ತುಳು, ಬ್ಯಾರಿ, ಕನ್ನಡ ಮಾತನಾಡುವವರು ಹತ್ತು ಹೆಜ್ಜೆಗೊಬ್ಬರು ಸಿಗುವುದರಿಂದ ದಾರಿ ತಪ್ಪಿದವರು ಬೇಗ ದಡ ಸೇರುತ್ತಾರೆ. 2022ರ ಡಿಸೆಂಬರಿನಲ್ಲಿ ಬೆಂಗಳೂರಿಗೂ ಬಂದ ಡಿಜಿಯಾತ್ರಾ ಮುಖ ತೋರಿಸಿ ಒಳಹೋಗುವ ಸೌಲಭ್ಯ. ಆಧಾರ್, ಸ್ಮಾರ್ಟ್‌ಫೋನ್ ಎರಡೂ ಬಲ್ಲ ನಮಗೆ ಅದರಿಂದ ಅನುಕೂಲ, ನಾನು ಹೇಳುತ್ತಿರುವ ಹಿರಿಯರಿಗೆ ಅದರಿಂದ ಹೆಚ್ಚಿನ ಲಾಭವಿಲ್ಲ.

ವ್ಯವಸ್ಥೆ ಬದಲಾಗುವವರೆಗೆ ಮಕ್ಕಳಾದ ನಾವು ಮಾಡಬಹುದಾದದ್ದು ಕೆಲವಿದೆ. ವೀಲ್‌ಚೇರ್ ಬೇಕೆಂಬುದನ್ನು ಟಿಕೆಟ್ ತೆಗೆಯುವಾಗಲೇ ನಮೂದಿಸಿ, ಹೊರಡುವ 48 ಗಂಟೆಗೂ ಮೊದಲು ಮತ್ತೊಮ್ಮೆ ಕರೆ ಮಾಡಿ ಖಚಿತಪಡಿಸಿಕೊಳ್ಳಿ. ನಡೆಯಲು ಕಷ್ಟವಿರುವವರಿಗೆ ಅದನ್ನು ಉಚಿತವಾಗಿ ಒದಗಿಸುವುದು ವಿಮಾನ ಸಂಸ್ಥೆಯ ಹೊಣೆ. ಒಂದು ಹಾಳೆಯ ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್ ಬರೆದು ಕೊಡಿ: ನನಗೆ ಶೌಚಾಲಯಕ್ಕೆ ಹೋಗಬೇಕು, ನನಗೆ ಸಕ್ಕರೆ ಕಾಯಿಲೆ ಇದೆ, ದಯವಿಟ್ಟು ಈ ನಂಬರಿಗೆ ಫೋನ್ ಮಾಡಿ. ಅಮೆರಿಕದ ಇಮಿಗ್ರೇಶನ್ ಅಧಿಕಾರಿಯ ಪ್ರಶ್ನೆ ಅರ್ಥವಾಗದಿದ್ದರೆ ಹೌದು ಹೌದು ಎಂದು ತಲೆಯಾಡಿಸುವ ಬದಲು ದುಭಾಷಿ ಬೇಕೆಂದು ಕೇಳಬಹುದು ಎಂದು ಅವರಿಗೆ ಮೊದಲೇ ಹೇಳಿಕೊಡಿ. ಕುರ್ಚಿ ತಳ್ಳುವವರಲ್ಲಿ ಹೆಚ್ಚಿನವರು ಗುತ್ತಿಗೆಯ ಮೇಲೆ ದುಡಿಯುವವರು. ಅವರೊಂದಿಗೆ ಗೌರವದಿಂದ ಮಾತನಾಡಿ, ಒಳ್ಳೆಯದಾಗಿ ನೋಡಿಕೊಂಡರೆ ಅವರ ಹೆಸರು ಹಿಡಿದು ಸಂಸ್ಥೆಗೆ ಒಂದು ಪತ್ರ ಬರೆಯಿರಿ.

ಉಳಿದದ್ದು ದೊಡ್ಡವರ ಕೈಯಲ್ಲಿದೆ. ಟರ್ಮಿನಲ್ಲಿನೊಳಗೆ ಯಾರನ್ನು ಬಿಡಬೇಕೆಂಬುದು ಕೇಂದ್ರ ಸರ್ಕಾರದ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋದ ತೀರ್ಮಾನವಾದ್ದರಿಂದ ನಿಲ್ದಾಣದ ಕಂಪನಿಯನ್ನು ಮಾತ್ರ ಕೇಳಿ ಪ್ರಯೋಜನವಿಲ್ಲ, ನಮ್ಮ ಸಂಸದರು ದೆಹಲಿಯಲ್ಲಿ ಕೇಳಬೇಕು. ಎಪ್ಪತ್ತು ದಾಟಿದವರ ಜೊತೆ ಒಬ್ಬರಿಗೆ ಚೆಕ್‌ಇನ್ ಮುಗಿಯುವವರೆಗೆ ಪಾಸು ಕೊಡುವ ಪದ್ಧತಿಯನ್ನು ಬೆಂಗಳೂರಿನಲ್ಲಿ ಆರು ತಿಂಗಳು ಪ್ರಯೋಗವಾಗಿ ನಡೆಸಿ ನೋಡಲಿ. ಕುರ್ಚಿಯಿಲ್ಲದೆ ಜೊತೆಗೆ ನಡೆಯುವ ಕನ್ನಡ ಬಲ್ಲ ಸಹಾಯಕರನ್ನು ನೇಮಿಸಿ, ಅದನ್ನು ಟಿಕೆಟ್ ತೆಗೆಯುವಾಗಲೇ ಕೇಳಿಕೊಳ್ಳಲು ಅವಕಾಶ ಮಾಡಲಿ. ನನ್ನ ಸ್ನೇಹಿತರ ಪಟ್ಟಿಯಲ್ಲಿ ವಿಮಾನ ಸಂಸ್ಥೆ, ನಿಲ್ದಾಣ, ಭದ್ರತೆಯ ಕೆಲಸದಲ್ಲಿರುವವರು ಕೆಲವರಿದ್ದೀರಿ. ಈ ಎರಡರಲ್ಲಿ ಯಾವುದಕ್ಕೆ ಏನು ತೊಡಕಿದೆ ಎಂದು ನಿಮ್ಮ ಅನುಭವದಿಂದ ತಿಳಿಸಿದರೆ, ಸಂಸದರಿಗೆ ಬರೆಯುವ ಮನವಿಯನ್ನು ಅದಕ್ಕೆ ತಕ್ಕಂತೆ ತಿದ್ದಿಕೊಳ್ಳುತ್ತೇನೆ.