ದೂರ ಇದ್ರೇನೇ ದೊಡ್ಡ ಯೂನಿವರ್ಸಿಟಿನಾ?

ನಮ್ಮ ಮನೆ ಓನರ್ ಕಾಕಾ ಮೊನ್ನೆ ಪೇಢಾ ಡಬ್ಬಿ ಹಿಡ್ಕೊಂಡು ಮೇಲೆ ಬಂದ್ರು. ಮಗಳಿಗೆ ಎಂಎಸ್ಸಿ ಬಾಟನಿ ಸೀಟ್ ಸಿಕ್ತಂತೆ, ಎಲ್ಲಿ ಅಂದ್ರೆ ಇಲ್ಲೇ ಪುಣೆ ವಿದ್ಯಾಪೀಠದಲ್ಲೇ, ಮನೆಯಿಂದ ಸಿಟಿ ಬಸ್ಸಲ್ಲಿ ಹೋಗಿ ಬರೋಷ್ಟು ದೂರ. ಅದೇ ವಾರ ತೀರ್ಥಹಳ್ಳಿಯಿಂದ ಅಕ್ಕಂದು ಫೋನು. ಅವಳ ಮಗಳಿಗೂ ಅದೇ ತರದ ಸೀಟು, ಶಂಕರಘಟ್ಟದ ಕುವೆಂಪು ವಿವಿಯಲ್ಲಿ. ಒಳ್ಳೇದಾಯ್ತಲ್ಲ ಅಕ್ಕಾ ಅಂದೆ. "ಎಂತ ಒಳ್ಳೇದು ಮಾರಾಯ, ಅಲ್ಲೇ ಓದೋದಾದ್ರೆ ಅಷ್ಟೆಲ್ಲ ಮಾರ್ಕ್ಸ್ ಎಂತಕ್ಕೆ ತೆಗೀಬೇಕಿತ್ತು? ಭಾವ ಬೆಂಗಳೂರಲ್ಲಿ ಯಾರನ್ನೋ ವಿಚಾರಿಸ್ತಾ ಇದಾರೆ" ಅಂದ್ಲು.

ಯಾಕೋ ಚುರುಕ್ ಅಂತು. ಓದಿರೋನು ನಾನೂ ಅಲ್ಲೇ ತಾನೆ.

ನಮ್ಮ ಕಡೆ ಯೂನಿವರ್ಸಿಟಿಗೆ ರ‍್ಯಾಂಕ್ ಕೊಡೋ ಪದ್ಧತಿ ಬಹಳ ಸರಳ. ಊರಿಂದ ಎಷ್ಟು ದೂರವೋ ಅಷ್ಟು ಒಳ್ಳೇದು. ಬೆಂಗಳೂರು ಮೊದಲು, ಆಮೇಲೆ ಮೈಸೂರು, ಅದೂ ಆಗ್ಲಿಲ್ಲ ಅಂದ್ರೆ ಆಗುಂಬೆ ಘಾಟಿ ಇಳಿದು ಮಂಗಳೂರು, ಯಾವುದೂ ಇಲ್ಲ ಅಂದಾಗ ಪಾಪ 'ಇಲ್ಲೇ ಬಿಆರ್‌ಪಿ', ಅಂದ್ರೆ ಭದ್ರಾ ಡ್ಯಾಮಿನ ಪಕ್ಕದ ಇದೇ ಶಂಕರಘಟ್ಟ. ಡಿಪಾರ್ಟ್‌ಮೆಂಟಲ್ಲಿ ಯಾರಿದಾರೆ, ಲ್ಯಾಬ್ ಹೆಂಗಿದೆ, ಲೈಬ್ರರಿ ಎಷ್ಟು ಹೊತ್ತಿನವರೆಗೆ ತೆಗ್ದಿರುತ್ತೆ, ಒಬ್ರೂ ಕೇಳಲ್ಲ. ಮದುವೆ ಮನೆ ಊಟದ ಪಂಕ್ತೀಲಿ ಪಕ್ಕ ಕೂತವರು "ಮಗಳು ಎಲ್ಲಿ ಓದ್ತಾ ಇದಾಳೆ" ಅಂದಾಗ ಬೆಂಗಳೂರು ಅಂದ್ರೆ ಸಾಕು, ಏನು ಓದ್ತಿದಾಳೆ ಅನ್ನೋ ಪ್ರಶ್ನೆನೇ ಬರಲ್ಲ.

ಕುವೆಂಪು 1956ರಿಂದ 60ರವರೆಗೆ ಮೈಸೂರು ವಿವಿ ಕುಲಪತಿ ಆಗಿದ್ರು, ಅಲ್ಲಿನ ಕ್ಯಾಂಪಸ್ಸಿಗೆ ಮಾನಸಗಂಗೋತ್ರಿ ಅಂತ ಹೆಸರಿಟ್ಟೋರೂ ಅವರೇ. ಅವರ ಹೆಸರಿನ ಯೂನಿವರ್ಸಿಟಿ ಅವರದೇ ಜಿಲ್ಲೇಲಿ 1987ರಲ್ಲಿ ಬಂತು. ಕುಪ್ಪಳಿ ತೀರ್ಥಹಳ್ಳಿ ಕಡೆಯೋರು ಅವರ ಪದ್ಯ ಬಾಯಿಪಾಠ ಹೇಳ್ತಾರೆ, ಮನೆ ತೋರಿಸೋಕೆ ನೆಂಟರನ್ನ ಕರ್ಕೊಂಡು ಹೋಗ್ತಾರೆ, ಮಕ್ಕಳನ್ನ ಮಾತ್ರ ಮೈಸೂರಿಗೆ ಕಳಿಸ್ತಾರೆ.

ಇಲ್ಲಿ ಪುಣೆಯವರ ಅಭಿಮಾನ ನೋಡಿದ್ರೆ ಹೊಟ್ಟೆಕಿಚ್ಚಾಗುತ್ತೆ. ರಿಕ್ಷಾದವರಿಗೆ ಬರೀ ವಿದ್ಯಾಪೀಠ ಅಂದ್ರೆ ಸಾಕು. 2024ರಲ್ಲಿ ಎನ್‌ಐಆರ್‌ಎಫ್‌ನವರು, ಅಂದ್ರೆ ಕೇಂದ್ರ ಸರ್ಕಾರದ ಕಡೆಯಿಂದ ವಿವಿಗಳಿಗೆ ರ‍್ಯಾಂಕ್ ಕೊಡೋರು, ರಾಜ್ಯ ಸರ್ಕಾರಿ ವಿವಿಗಳಿಗೇ ಅಂತ ಬೇರೆ ಪಟ್ಟಿ ಶುರು ಮಾಡಿದ್ರಲ್ಲ, ಅದ್ರಲ್ಲಿ ಚೆನ್ನೈನ ಅಣ್ಣಾ, ಕೋಲ್ಕತ್ತದ ಜಾದವಪುರ ಆದ್ಮೇಲೆ ಮೂರನೇದು ಪುಣೆ. ಕಾಕಾ ಆವಾಗ ತಾವೇ ಪರೀಕ್ಷೆ ಪಾಸಾದಂಗೆ ಓಡಾಡಿದ್ರು. ಮರುವರ್ಷ ಅದು ಕೆಳಗೆ ಜಾರ್ತು, ಕಾಕಾ ಪಟ್ಟಿ ಮಾಡೋರನ್ನೇ ಬೈದ್ರು, ವಿದ್ಯಾಪೀಠನ ಬೈಲಿಲ್ಲ. ಆ ಪಟ್ಟೀಲಿ ನೂರಕ್ಕೆ ಹತ್ತು ಅಂಕ ಇರೋದು ಬರೀ ಜನಾಭಿಪ್ರಾಯಕ್ಕೆ. ಅದನ್ನ ಕೇಳೋದು ಕಂಪನಿಯೋರನ್ನ, ಬೇರೆ ಕಡೆ ಪಾಠ ಮಾಡೋರನ್ನ, ನಮ್ಮಕ್ಕನ್ನ ಅಲ್ಲ, ಗೊತ್ತು. ಆದ್ರೆ ಅವರೂ ಯಾರದೋ ಅಕ್ಕ ಭಾವಂದಿರೇ ಅಲ್ವಾ, ಊರವರೇ ಮೂಗು ಮುರಿಯೋ ಜಾಗಕ್ಕೆ ಹೊರಗಿನೋರು ಅಂಕ ಕೊಡ್ತಾರಾ?

ಅದೂ ಬಾಟನಿ ಓದೋ ಹುಡುಗಿಗೆ ಶಂಕರಘಟ್ಟಕ್ಕಿಂತ ಒಳ್ಳೆ ಜಾಗ ಯಾವುದ್ರೀ? ಶಿವಮೊಗ್ಗದಿಂದ ಬಸ್ ಹತ್ತಿದ್ರೆ ಮೂವತ್ತು ಕಿಲೋಮೀಟರೂ ಇಲ್ಲ, ಒಂದು ಕಡೆ ಭದ್ರಾ ಡ್ಯಾಮು, ಸುತ್ತ ಕಾಡು, ವನ್ಯಜೀವಿ ವಿಷಯದ ಡಿಪಾರ್ಟ್‌ಮೆಂಟೇ ಇದೆ, ಭದ್ರಾ ಅಭಯಾರಣ್ಯ ಮಗ್ಗುಲಲ್ಲೇ ಇದೆ. ಬೆಂಗಳೂರಿಗೆ ಹೋಗಿ ಹರ್ಬೇರಿಯಂ ಹಾಳೇಲಿ ಒಣಗಿಸಿ ಅಂಟಿಸಿದ್ದನ್ನ ನೋಡೋ ಗಿಡ ಶಂಕರಘಟ್ಟದಲ್ಲಿ ಹಾಸ್ಟೆಲ್ ಹಿಂದೆ ಬೆಳೆಯುತ್ತೆ. ಮಳೆಗಾಲದಲ್ಲಿ ಆ ಕ್ಯಾಂಪಸ್ ನೋಡ್ಬೇಕು ನೀವು. (ಒಣಗೋಕೆ ಹಾಕಿದ ಬಟ್ಟೆ ಒಣಗಲ್ಲ, ಅದು ಬೇರೆ ಮಾತು.)

ಸರ್ಕಾರ ಮಾಡಿದ್ದೂ ಕಮ್ಮಿ ಇಲ್ಲ ಬಿಡಿ. 2009ರಲ್ಲಿ ಕುವೆಂಪು ವಿವಿಯಿಂದ ದಾವಣಗೆರೆ ಬೇರೆ ವಿವಿ ಆಯ್ತು, ಆ ಕಡೆ ಕಾಲೇಜುಗಳೆಲ್ಲ ಹೋದ್ವು, ಅವು ಕೊಡ್ತಿದ್ದ ಫೀಸೂ ಹೋಯ್ತು. ಈಚೆಗೆ ಬೇರೆ ವಿವಿಗಳನ್ನೂ ಹಾಸನ, ಹಾವೇರಿ, ಕೊಡಗು ಅಂತ ಹಂಚಿ, ಎರಡ್ಮೂರು ವರ್ಷಕ್ಕೇ ಮುಚ್ಚೋ ಮಾತು ಶುರು ಮಾಡಿದ್ರು. ಪರ್ಮನೆಂಟ್ ಮೇಷ್ಟ್ರನ್ನ ತಗೊಳ್ಳಿ ಅಂದ್ರೆ ಮಾತ್ರ ದುಡ್ಡಿಲ್ಲ, ಎಲ್ಲ ಅತಿಥಿ ಉಪನ್ಯಾಸಕರ ತಲೆ ಮೇಲೆ.

ಇಷ್ಟು ಬೈದ್ಮೇಲೆ ಪುಣೆ ಬಗ್ಗೇನೂ ಹೇಳ್ಬೇಕು, ಮನಸ್ಸಿಲ್ಲದಿದ್ರೂ. ಇದು 1949ರದ್ದು, ಕೂತಿರೋದು ಬ್ರಿಟಿಷ್ ಗವರ್ನರ್ ಬಂಗಲೇಲಿ. ಖಗೋಳ ವಿಜ್ಞಾನದ ಐಯುಕಾ ಕ್ಯಾಂಪಸ್ ಒಳಗೇ ಇದೆ, ರಾಷ್ಟ್ರೀಯ ರಸಾಯನ ಪ್ರಯೋಗಾಲಯ ಎನ್‌ಸಿಎಲ್ ಪಕ್ಕದ ಪಾಷಾಣ್‌ನಲ್ಲಿ, ಸುತ್ತ ಕಂಪನಿಗಳು. ಕಾಡಲ್ಲಿ 1987ಕ್ಕೆ ಶುರುವಾಗಿದ್ದನ್ನ ತಂದು ಇದರ ಪಕ್ಕ ನಿಲ್ಸೋದು ನ್ಯಾಯ ಅಲ್ಲ. ಮತ್ತೆ ಕಾಕಾ ಅಭಿಮಾನವೂ ಈ ಕ್ಯಾಂಪಸ್ಸಿಗೆ ಮಾತ್ರ, ಇದೇ ವಿದ್ಯಾಪೀಠದ ಡಿಗ್ರಿ ನಾಶಿಕ್ ಕಡೆ ಸಣ್ಣ ಕಾಲೇಜಲ್ಲಿ ತಗೊಂಡೋರು ನಮ್ಮ ಆಫೀಸಲ್ಲಿದಾರೆ, ಅವರು ಊರಲ್ಲಿ ನಮ್ಮ ಹಂಗೇ "ಅಲ್ಲೇ ಓದಿದ್ದು" ಅಂತ ತಲೆ ತಗ್ಗಿಸಿ ಹೇಳ್ತಾರೆ.

ಇನ್ನೊಂದಿದೆ, ಇದು ಒಪ್ಪೋಕೆ ಸ್ವಲ್ಪ ಕಷ್ಟ. ಕಾಕಾ ಮಗಳು ಎಂಎಸ್ಸಿ ಮುಗಿಸಿದ್ರೆ ಅದೇ ಸಿಟಿ ಬಸ್ಸಲ್ಲಿ ಕೆಲಸಕ್ಕೂ ಹೋಗಬಹುದು. ನಮ್ಮಲ್ಲಿ ಭದ್ರಾವತಿ ಪೇಪರ್ ಮಿಲ್ಲೇ ನಿಂತು ವರ್ಷಗಟ್ಟಲೆ ಆಯ್ತು. ಶಂಕರಘಟ್ಟದಲ್ಲಿ ಎಷ್ಟೇ ಚೆನ್ನಾಗಿ ಓದಿದ್ರೂ ಆಮೇಲೆ ಬೆಂಗಳೂರು ಬಸ್ ಹತ್ತಲೇಬೇಕು, ಎರಡು ವರ್ಷ ಮುಂಚೆನೇ ಹತ್ಲಿ ಅನ್ನೋದು ಅಕ್ಕನ ಲೆಕ್ಕ ಇರಬಹುದು. ಊರಲ್ಲೇ ಓದಿ ಅಂತ ಪುಣೆಯಲ್ಲಿ ಕೂತು ಹೇಳೋ ತಮ್ಮನ್ನ ಅವಳು ಯಾಕೆ ನಂಬಬೇಕು?