ಪಂಚಾವಯವ ವಾಕ್ಯವೂ ಒಂದು ಲೋಟ ಹಾಲೂ

ನಮ್ಮ ದೇಶದಲ್ಲಿ ತರ್ಕಶಾಸ್ತ್ರದ ಅಧ್ಯಯನ ನಶಿಸಿಹೋಯಿತೆಂದು ಕೊರಗುವ ಪಂಡಿತರು ಸಂಜೆಯ ಧಾರಾವಾಹಿಗಳನ್ನಲ್ಲದಿದ್ದರೂ ಅವುಗಳ ನಡುವಿನ ಜಾಹೀರಾತುಗಳನ್ನಾದರೂ ನೋಡಬೇಕು. ತರ್ಕಶಾಸ್ತ್ರದ ಮೂಲಗ್ರಂಥವಾದ ಗೌತಮ ಮುನಿಯ ನ್ಯಾಯಸೂತ್ರವು ಅನುಮಾನಕ್ಕೆ, ಅಂದರೆ ಕಂಡದ್ದರಿಂದ ಕಾಣದ್ದನ್ನು ಊಹಿಸುವುದಕ್ಕೆ, ಪ್ರತಿಜ್ಞೆ (ಸಾಧಿಸಬೇಕಾದ ಮಾತು), ಹೇತು (ಕಾರಣ), ಉದಾಹರಣೆ, ಉಪನಯ (ಉದಾಹರಣೆಯನ್ನು ಎದುರಿನ ಸಂಗತಿಗೆ ಹೊಂದಿಸುವುದು), ನಿಗಮನ (ತೀರ್ಮಾನ) ಎಂಬ ಐದು ಅವಯವಗಳನ್ನು ವಿಧಿಸಿತು. ಬೆಟ್ಟದಲ್ಲಿ ಬೆಂಕಿಯಿದೆ, ಏಕೆಂದರೆ ಹೊಗೆಯಿದೆ. ಹೊಗೆಯಿದ್ದಲ್ಲೆಲ್ಲ ಬೆಂಕಿಯಿರುತ್ತದೆ, ಅಡುಗೆಮನೆಯಲ್ಲಿರುವಂತೆ ಎಂದು ಶಿಷ್ಯರು ಶತಮಾನಗಳ ಕಾಲ ಉರು ಹೊಡೆದರು. ಅದನ್ನೇ ಜಾಹೀರಾತಿನವರು ಅರ್ಧ ನಿಮಿಷದಲ್ಲಿ ಮುಗಿಸುತ್ತಾರೆ, ಅದೂ ಅಡುಗೆಮನೆಯಿಂದ ಹೊರಗೆ ಕಾಲಿಡದೆ.

ಮಗು ಎತ್ತರ ಬೆಳೆಯುತ್ತದೆ ಎಂಬುದು ಪ್ರತಿಜ್ಞೆ. ಹಾಲಿಗೆ ಕಂದು ಬಣ್ಣದ ಪುಡಿ ಬೆರೆಸಿರುವುದರಿಂದ ಎಂಬುದು ಹೇತು. ಪಕ್ಕದ ಮನೆಯ ಬಂಟಿಯೇ ಉದಾಹರಣೆ. ತಾಯಿ ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲಿನಿಂದ ಗೆರೆ ಎಳೆಯುತ್ತಾಳೆ, ಲೋಟ ಬರಿದಾಗುತ್ತದೆ, ಮುಂದಿನ ಗೆರೆ ನಾಲ್ಕು ಬೆರಳು ಮೇಲಿರುತ್ತದೆ. ಎಂಟು ವರ್ಷದ ಹುಡುಗ ರಾಗಿ ಗಂಜಿ ಕುಡಿದರೂ, ಅನ್ನ ಸಾರು ಉಂಡರೂ ವರ್ಷಕ್ಕೆ ಐದಾರು ಸೆಂಟಿಮೀಟರ್ ಬೆಳೆಯುವವನೇ ಎಂದು ಯಾರಾದರೂ ಬಾಯಿಬಿಟ್ಟರೆ ಉದಾಹರಣೆ ಕೆಟ್ಟುಹೋಗುತ್ತದೆ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋದಾಗ ಹಿಂದಿನವರು ಕಾಗೆಯನ್ನು ನಿರ್ದೋಷಿಯೆಂದು ಬಿಟ್ಟುಬಿಡುತ್ತಿದ್ದರು. ಈಗ ಅದನ್ನೇ ಡಬ್ಬಿಯಲ್ಲಿ ತುಂಬಿ, ಸ್ಟ್ರಾಬೆರಿ ರುಚಿಯಲ್ಲೂ ಮಾರಲಾಗುತ್ತಿದೆ. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯವು, ಆಹಾರ ಸುರಕ್ಷತಾ ಕಾಯ್ದೆಯಲ್ಲಿ ‘ಆರೋಗ್ಯ ಪೇಯ’ ಎಂಬ ವ್ಯಾಖ್ಯೆಯೇ ಇಲ್ಲವೆಂದು ನೆನಪಿಸಿ, ಇಂಥ ಪೇಯಗಳನ್ನು ಆ ವರ್ಗದಿಂದ ತೆಗೆಯುವಂತೆ ಆನ್‌ಲೈನ್ ಮಾರಾಟ ಕಂಪನಿಗಳಿಗೆ ಸೂಚಿಸಿತು. ವರ್ಗ ಬದಲಾಯಿತು, ಬಂಟಿ ಬೆಳೆಯುತ್ತಲೇ ಇದ್ದಾನೆ.

ಕೈ ತೊಳೆಯುವ ದ್ರವವು ಶೇ 99.9ರಷ್ಟು ಕೀಟಾಣುಗಳನ್ನು ಕೊಲ್ಲುತ್ತದೆಂಬ ಘೋಷಣೆಯ ತಲೆಯ ಮೇಲೊಂದು ನಕ್ಷತ್ರವಿರುತ್ತದೆ. ಯಾವ ಕೀಟಾಣು, ಎಷ್ಟು ಹೊತ್ತಿನಲ್ಲಿ, ಯಾವ ಪ್ರಯೋಗಾಲಯದಲ್ಲಿ ಎಂಬುದೆಲ್ಲ ಆ ನಕ್ಷತ್ರದ ಜಾತಕದಲ್ಲಿದ್ದು, ಜಾತಕವು ಪರದೆಯ ಅಡಿಯಲ್ಲಿ ಇರುವೆ ಸಾಲಿನಂತೆ ಹರಿದು ಮಾಯವಾಗುತ್ತದೆ. ಘೋಷಣೆ ಕನ್ನಡದಲ್ಲಿ, ಷರತ್ತು ಇಂಗ್ಲಿಷಿನಲ್ಲಿ. ಷರತ್ತು ಘೋಷಣೆಯ ಭಾಷೆಯಲ್ಲೇ, ಅದೇ ಅಕ್ಷರಶೈಲಿಯಲ್ಲೇ ಇರಬೇಕೆಂದು ಕೇಂದ್ರ ಸರ್ಕಾರದ 2022ರ ಮಾರ್ಗಸೂಚಿ ಹೇಳುತ್ತದೆ. ಬಹುಶಃ ಆ ಮಾರ್ಗಸೂಚಿಯನ್ನೂ ಸಣ್ಣ ಅಕ್ಷರದಲ್ಲೇ ಅಚ್ಚು ಹಾಕಿಸಿರಬೇಕು.

ಪ್ರತ್ಯಕ್ಷವೂ ಅನುಮಾನವೂ ಕೈಕೊಟ್ಟರೆ ಆಪ್ತವಾಕ್ಯವಿದೆ. ಸಂಗತಿಯನ್ನು ಸ್ವತಃ ಅರಿತು, ಅರಿತಂತೆಯೇ ತಿಳಿಸಬಯಸುವವನು ಆಪ್ತ ಎಂಬುದು ನ್ಯಾಯಸೂತ್ರದ ಭಾಷ್ಯಕಾರ ವಾತ್ಸ್ಯಾಯನನ ಮತ. ಸಿಮೆಂಟಿನ ಬಾಳಿಕೆಯನ್ನು ಕ್ರಿಕೆಟಿಗನೂ ನೀರಿನ ಶುದ್ಧಿಯನ್ನು ನಟಿಯೂ ಸ್ವತಃ ಅರಿಯುವ ಕಾಲ ಬಂದೀತೆಂದು ಪಾಪ, ಆತ ಊಹಿಸಿರಲಾರ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಪೂರ್ವಾಪರ ವಿಚಾರಿಸದೆ ಜನರನ್ನು ದಾರಿತಪ್ಪಿಸುವ ಇಂಥ ಆಪ್ತರಿಗೆ ಮೊದಲ ಸಲ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ದೊಡ್ಡ ತಾರೆಯೊಬ್ಬರ ಚಿತ್ರೀಕರಣದ ದಿನದಲ್ಲಿ ಅಷ್ಟು ಮೊತ್ತ ಮಧ್ಯಾಹ್ನದ ಊಟಕ್ಕೆ ಮೊದಲೇ ಹುಟ್ಟಿರುತ್ತದೆ.

ಇಷ್ಟರ ನಡುವೆ ಒಂದು ಜಾಹೀರಾತು ಮಾತ್ರ ನ್ಯಾಯಶಾಸ್ತ್ರಕ್ಕೆ ಪೂರ್ಣ ನಿಷ್ಠವಾಗಿದೆ. ಮಹಾನಾಯಕನೊಬ್ಬ ಹೆಲಿಕಾಪ್ಟರಿನಿಂದ ಇಳಿದು, ಹತ್ತಾರು ಕೇಡಿಗಳನ್ನು ಬಡಿದುಹಾಕಿ, ಕೊನೆಗೆ ಬಾಯಿಗೆ ಹಾಕಿಕೊಳ್ಳುವುದು ಎರಡು ಕಾಳು ಏಲಕ್ಕಿ. ತಂಬಾಕಿನ ಜಾಹೀರಾತನ್ನು 2003ರ ಕಾಯ್ದೆ ನಿಷೇಧಿಸಿದೆಯಾದ್ದರಿಂದ ಈ ಹೊಗೆಯ ಹಿಂದಿನ ಬೆಂಕಿಯನ್ನು ಊಹಿಸಲು ಯಾವ ಗುರುಕುಲಕ್ಕೂ ಹೋಗಬೇಕಾಗಿಲ್ಲ. ತಮ್ಮ ಬೆಳೆಗೆ ಕೋಟಿಗಟ್ಟಲೆ ಸುರಿದು ಪ್ರಚಾರ ನಡೆಯುತ್ತಿದ್ದರೂ ಸಕಲೇಶಪುರ, ಮಡಿಕೇರಿಯ ಏಲಕ್ಕಿ ತೋಟದವರು ಆ ಹೆಲಿಕಾಪ್ಟರಿನ ದಾರಿ ಕಾಯುತ್ತಿಲ್ಲ. ಆ ಏಲಕ್ಕಿಯ ಹೆಸರು ಹೇಳಿ ಕೈಚಾಚಿದರೆ ಬೀಡಾ ಅಂಗಡಿಯವನು ಯಾವ ಸರದಿಂದ ಪೊಟ್ಟಣ ಹರಿದುಕೊಡುತ್ತಾನೆಂಬುದು ಅವರಿಗೂ ಗೊತ್ತು.