ನಾಲ್ಕೂವರೆಯ ಆಟ

5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಚೆನ್ನಾಗಿ ಮೈ ದಣಿಸಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿತು. ಆ ಮಾತು ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಬರುವಷ್ಟರಲ್ಲಿ 'ಶಾಲಾ ನಂತರದ ಕ್ರೀಡಾ ಸಮನ್ವಯ ಸಮಿತಿ' ಆಗಿತ್ತು. ಸಮಿತಿಗೆ ಅಧ್ಯಕ್ಷರಿದ್ದಾರೆ, ಸಂಚಾಲಕರಿದ್ದಾರೆ, ಬ್ಯಾನರ್ ಉಸ್ತುವಾರಿಗೂ ಒಬ್ಬರಿದ್ದಾರೆ. ಚೆಂಡು ಕಪಾಟಿನಲ್ಲಿದೆ. ಕಪಾಟಿನ ಬೀಗದ ಕೈ ಪಿ.ಟಿ. ಸರ್ ಹತ್ತಿರ ಇದೆ. ಪಿ.ಟಿ. ಸರ್ ಸಮೀಕ್ಷೆಗೆ ಹೋಗಿದ್ದಾರೆ.

ನಾಲ್ಕೂವರೆಗೆ ಗಂಟೆ ಹೊಡೆದ ಕೂಡಲೇ 60 ನಿಮಿಷ ಶುರು. ಸಾಲು ನಿಲ್ಲಿಸಬೇಕು, ಹಾಜರಿ ಹಾಕಬೇಕು, ಬಂದ ಅತಿಥಿಗಳು ಆಟದ ಮಹತ್ವ ಹೇಳಬೇಕು. ಆಮೇಲೆ ಫೋಟೊ. ಅದೇ ಮುಖ್ಯ. ಫೋಟೊದಲ್ಲಿ ತಾರೀಕು ಕಾಣಬೇಕು, ಜಿಪಿಎಸ್ ಕಾಣಬೇಕು, ಬ್ಯಾನರ್ ಪೂರ್ತಿ ಕಾಣಬೇಕು. ಹಿಂದೆ ನಿಂತ ಮಕ್ಕಳು ಕಾಣದಿದ್ದರೂ ಅಡ್ಡಿಲ್ಲ. ಕಬಡ್ಡಿ ಹುಡುಗ ತೊಡೆ ತಟ್ಟುವ ಭಂಗಿಯಲ್ಲಿ ಕೈ ಎತ್ತಿಕೊಂಡು ನಿಂತೇ ಇದ್ದ. "ಅಲ್ಲಾಡಬೇಡ್ವೋ ತಮಾ, ಮಸುಕಾಗ್ತದೆ!" ದೈಹಿಕ ಚಟುವಟಿಕೆ ಅಂದರೆ ಇದೇ ಅಲ್ವಾ?

ಮಳೆಗಾಲದಲ್ಲಿ ಮೈದಾನ ಕೆಸರು. ಹಾಗಾಗಿ ಒಳಾಂಗಣ ಕ್ರೀಡೆ, ಅಂದರೆ ವರಾಂಡದಲ್ಲಿ ಕೇರಂ. ಬೋರ್ಡು ಒಂದು, ಮಕ್ಕಳು ಅರವತ್ತು. ಆಡುವವರು ನಾಲ್ವರು, ಉಳಿದವರದು ವೀಕ್ಷಣೆ. ಅದಕ್ಕೂ ಫಾರ್ಮಿನಲ್ಲಿ ಕಾಲಂ ಇದೆ.

ಈ ಜಿಲ್ಲೆಗೆ ಇದೇನೂ ಹೊಸದಲ್ಲ ಬಿಡಿ. 1980ರ ದಶಕದ ಕೊನೆಗೆ ಭಾರತೀಯ ಕ್ರೀಡಾ ಪ್ರಾಧಿಕಾರ ಇಲ್ಲಿಯ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಕ್ಕಳನ್ನು ಹುಡುಕಿ ಓಟದ ತರಬೇತಿಗೆ ಕರೆದೊಯ್ದಿತ್ತು. ಕೆಲವೇ ವರ್ಷಗಳಲ್ಲಿ ಆ ಯೋಜನೆ ನಿಂತಿತು. ಮಕ್ಕಳಿಗಿಂತ ಮೊದಲು ಏದುಸಿರು ಬಂದದ್ದು ಕಡತಕ್ಕೆ.

ಇನ್ನು ಬಸ್ಸಿನ ಕತೆ. ಹಳ್ಳಿ ಬಸ್ಸು 4.45ಕ್ಕೆ ಹೊರಡುತ್ತದೆ. ಅದು ತಪ್ಪಿದರೆ ಕತ್ತಲಾದ ಮೇಲೆ ವಸ್ತಿ ಬಸ್ಸೇ ಗತಿ. ಹಾಗಾಗಿ ಹಾಜರಿ ಕೂಗಿದ್ದೇ ತಡ, ಅರ್ಧಕ್ಕರ್ಧ ಮಕ್ಕಳು ಪಾಟಿಚೀಲ ಬೆನ್ನಿಗೇರಿಸಿ ಬಸ್ ಸ್ಟ್ಯಾಂಡಿನತ್ತ ಪರಾರಿ. ಒಬ್ಬಳಂತೂ ಚಪ್ಪಲಿ ಕೈಯಲ್ಲಿ ಹಿಡಿದು ಓಡುತ್ತಾಳೆ. ಇಡೀ ಕಾರ್ಯಕ್ರಮದಲ್ಲಿ ಬೆವರು ಹರಿಯುವುದು ಇಲ್ಲಿ ಮಾತ್ರ.

ಬಸ್ಸಿನ ಹೊತ್ತು ಸ್ವಲ್ಪ ಮುಂದೆ ಹಾಕಿಸಿ ಅಂತ ಪಾಲಕರು ಅರ್ಜಿ ಕೊಟ್ಟರು. ಸಮಿತಿ ಚಾ, ಬಿಸ್ಕಿಟ್ ಮುಗಿಸಿ ಗಂಭೀರವಾಗಿ ಚರ್ಚಿಸಿತು. ಬಸ್ ಸ್ಟ್ಯಾಂಡಿನವರೆಗಿನ ಓಟವನ್ನು 'ಅಥ್ಲೆಟಿಕ್ಸ್' ಅಂತ ವರದಿಗೆ ಸೇರಿಸಲು ಒಪ್ಪಿಗೆ ಸಿಕ್ಕಿತು. ಓಟದ ವೇಗ ಇನ್ನೂ ಸುಧಾರಿಸಲಿ ಅಂತ, ಬಸ್ಸನ್ನು ಐದು ನಿಮಿಷ ಮೊದಲೇ ಬಿಡುವಂತೆ ಡಿಪೊಗೆ ಪತ್ರ ಬರೆಯಲೂ ಠರಾವಾಯಿತು.